ಹಿಂದಿನ ಗೋಡೆಯ ಜರಡಿ

ಚಳಿ ಇಳಿದು ಬಿಸಿಲು ಬಲಿಯತೊಡಗಿತ್ತು. ಹೊಲದಿಂದ ಕಿತ್ತು ತಂದು ಅಂಗಳದಲ್ಲಿ ಹರವಿದ್ದ ಬಟಾಣಿ ಬಳ್ಳಿ ಚೆನ್ನಾಗಿ ಒಣಗಿ, ಕಾಲಿಟ್ಟರೆ ಚಟಚಟ ಎನ್ನುತ್ತಿತ್ತು. ದೊಡ್ಡ ಸೊಸೆ ತಲೆಗೆ ಬಟ್ಟೆ ಬಿಗಿದು ಬೆಳಗಿನಿಂದ ಕೋಲಿನಿಂದ ಬಡಿಯುತ್ತಿದ್ದಳು. ಅವಳ ಗಂಡ ಗಾಳಿ ಬಂದಾಗ ಹೊಟ್ಟು ತೂರುತ್ತಿದ್ದ, ಗಾಳಿ ನಿಂತಾಗ ತಾನೂ ನಿಲ್ಲುತ್ತಿದ್ದ. ಮೈದುನ ನೆರಳಿನಲ್ಲಿ ಕೂತು ಹರಿದ ಚೀಲ ಹೊಲಿಯುತ್ತಿದ್ದ. ಅವನ ಹೆಂಡತಿ, ಈ ಮನೆಯ ಚಿಕ್ಕ ಸೊಸೆ, ತೂರಿದ ಕಾಳನ್ನು ಗುಡಿಸಿ ರಾಶಿ ಮಾಡುತ್ತಿದ್ದಳು. ನಡುನಡುವೆ ಬಾಗಿ ಒಣಗಿದ ಸಿಪ್ಪೆಯೊಂದನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ದೊಡ್ಡವಳು ಅದನ್ನು ಕಂಡೂ ಕಾಣದಂತೆ ಇನ್ನಷ್ಟು ಜೋರಾಗಿ ಬಡಿಯುತ್ತಿದ್ದಳು.

ಈ ಮನೆಯ ಬಟಾಣಿಗೆ ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ತಿನ್ನುವುದಕ್ಕಲ್ಲ, ಬಿತ್ತುವುದಕ್ಕೆ. ಬೀಜದ ಕಾಳನ್ನು ಬೇರೆ ಮಾಡಲು ಮಾವ ಒಂದು ಜರಡಿ ಮಾಡಿಟ್ಟು ಹೋಗಿದ್ದರು. ಎಣ್ಣೆ ಡಬ್ಬದ ತಗಡನ್ನು ದುಂಡಗೆ ಕತ್ತರಿಸಿ, ಸುತ್ತ ಮರದ ಬಳೆ ಕಟ್ಟಿ, ಒಂದೇ ಒಂದು ದಪ್ಪ ಮೊಳೆಯಿಂದ ಅಷ್ಟೂ ತೂತುಗಳನ್ನು ಹೊಡೆದಿದ್ದರು. ಸಣ್ಣ ಕಾಳು ತೂರಿ ಕೆಳಗೆ ಬೀಳಬೇಕು, ಮೇಲೆ ಉಳಿದದ್ದು ಬೀಜ. ಅವರು ಸುತ್ತಿಗೆ ಹಾಕುವಾಗ ತಗಡು ಅಲ್ಲಾಡದಂತೆ ಆ ಕಡೆಯಿಂದ ಹಿಡಿದುಕೊಂಡಿದ್ದವಳು ಆಗಿನ್ನೂ ಹೊಸದಾಗಿ ಮನೆಗೆ ಬಂದಿದ್ದ ದೊಡ್ಡ ಸೊಸೆ. ಅವರು ಹೋದಮೇಲೆ ಆ ಜರಡಿಯನ್ನು ಬೇರೆ ಯಾರೂ ಮುಟ್ಟಿದ್ದಿಲ್ಲ. ಬೀಜ ಒಯ್ಯಲು ಬಂದವರು "ಅಮ್ಮ, ನಿಮ್ಮ ಕೈಯದ್ದೇ ಬೇಕು" ಎನ್ನುತ್ತಿದ್ದರು. ಆ ಒಂದು ಮಾತಿಗೆ ಅವಳು ವರ್ಷವಿಡೀ ಮೈ ಮುರಿದು ದುಡಿಯುತ್ತಿದ್ದಳು.

ರಾಶಿ ಮೊಣಕಾಲೆತ್ತರಕ್ಕೆ ಬಂದಾಗ ಅವಳು ಕೋಲು ಕೆಳಗಿಟ್ಟು ಕೊಟ್ಟಿಗೆಗೆ ಹೋದಳು. ಹೋದಷ್ಟೇ ವೇಗದಲ್ಲಿ ಹೊರಗೆ ಬಂದಳು.

"ಜರಡಿ ಎಲ್ಲಿ?"

ಚಿಕ್ಕವಳ ಕೈಯಲ್ಲಿದ್ದ ಪೊರಕೆ ನಿಂತಿತು.

"ಅದಾ ಅಕ್ಕ? ಹಿಂದಿನ ಗೋಡೇಲಿತ್ತಲ್ಲ. ನಾನು ತಗೊಂಡೆ."

"ತಗೊಂಡು?"

"ಮಾಡಿದೆ."

"ಏನೇ ಮಾಡಿದೆ?"

"ಚಂದ್ರ ಮಾಡಿದೆ."

ಮೈದುನ ದಬ್ಬಣ ನಿಲ್ಲಿಸಿ ನಕ್ಕುಬಿಟ್ಟ. "ಅದಕ್ಕೇ ಮೂರ್ನಾಲ್ಕು ದಿನದಿಂದ ಮೇಲೆ ಕಾಣ್ತಿಲ್ಲ!"

ಅತ್ತಿಗೆ ತಿರುಗಿ ನೋಡಿದ ನೋಟಕ್ಕೆ ಅವನ ನಗು ಚೀಲದೊಳಗೆ ಇಳಿಯಿತು.

ಚಿಕ್ಕ ಸೊಸೆಗೆ ಹಳೆಯ ಸಾಮಾನು ಕಂಡರೆ ಕೈ ತಡೆಯುತ್ತಿರಲಿಲ್ಲ. ಕಿಲುಬು ಹಿಡಿದ ಬೀಗ, ಒಡೆದ ಬಸಿ, ಗಡಿಯಾರದ ಹೊಟ್ಟೆಯೊಳಗಿನ ಚಕ್ರ, ಬೀಜದ ಪೊಟ್ಟಣದ ಚಿತ್ರ, ಗುಂಡಿ, ಲೇಸು, ತಂತಿ ಎಲ್ಲ ಅವಳಿಗೆ ಬೇಕು. ಒಂದರ ಮೇಲೊಂದು ಅಂಟಿಸಿ, ಬಣ್ಣ ಬಳಿದು, ಕೆರೆದು, ಮತ್ತೆ ಬಳಿದು, ಮೊದಲು ಅದು ಏನಾಗಿತ್ತೆಂದು ಅರ್ಧ ಮಾತ್ರ ಗುರುತು ಸಿಗುವ ಹಾಗೆ ಮಾಡುತ್ತಿದ್ದಳು. ಊರಿನಲ್ಲಿ ಅದೇ ಗೀಳಿನ ಇನ್ನಷ್ಟು ಹೆಂಗಸರಿದ್ದರು. ಭಾನುವಾರ ಮಧ್ಯಾಹ್ನ ದರ್ಜಿಯಾಕೆಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದರು. ಅವರ ಕಟ್ಟಳೆ ಒಂದೇ: ತಾನು ಮಾಡಿದ್ದೊಂದನ್ನು ಮೇಜಿನ ಮೇಲಿಡಬೇಕು, ಬೇರೆಯವರದೊಂದನ್ನು ಎತ್ತಿಕೊಳ್ಳಬೇಕು. ಎತ್ತಿಕೊಂಡವರು ಅದರ ಮೇಲೆ ತಮ್ಮದೂ ಏನಾದರೂ ಸೇರಿಸಬಹುದು. ಇಟ್ಟದ್ದನ್ನು ವಾಪಸು ಕೇಳುವಂತಿಲ್ಲ.

ದೊಡ್ಡವಳು ಇದಕ್ಕೆ ಇಟ್ಟ ಹೆಸರು ಅಂಟುಜಾಡ್ಯ. "ಒಬ್ಬಳಿಗೆ ಹಿಡೀತು, ಬೀದಿಗೆಲ್ಲ ಹಬ್ಬಿತು," ಎನ್ನುತ್ತಿದ್ದಳು. ಹಿಂದಿನ ವರ್ಷ ನೀರೆರೆಯುವ ಡಬ್ಬಿಗೆ ಇವಳು ಹಕ್ಕಿಯ ರೆಕ್ಕೆ ಅಂಟಿಸಿದಾಗ ದೊಡ್ಡ ಜಗಳವೇ ಆಗಿತ್ತು. ಕೊನೆಗೆ ದೊಡ್ಡವಳು ಕೊಟ್ಟಿಗೆಯೊಳಗೆ ಗೆರೆ ಎಳೆದಂತೆ ಹೇಳಿದ್ದಳು: ಮುಂದಿನ ಗೋಡೆಯಲ್ಲಿ ನೇತಾಡುವುದು ಮನೆಯ ಸಾಮಾನು, ಅದಕ್ಕೆ ಕೈ ಹಚ್ಚಿದರೆ ಕೈ ಮುರಿಯುತ್ತೇನೆ, ಹಿಂದಿನ ಗೋಡೆಯಲ್ಲಿರುವುದು ಕಸ, ಕಸಕ್ಕೆ ವಾರಸುದಾರರಿಲ್ಲ.

ಈ ಸಲ ಜರಡಿಯ ಬಳೆಗೆ ಎಣ್ಣೆ ಸವರಿದ ದಿನ ಮುಂದಿನ ಗೋಡೆಗೆ ಏಣಿ ಒರಗಿತ್ತು. ಒಣಗಲಿ ಎಂದು ಹಿಂದಿನ ಗೋಡೆಗೆ ತಗುಲಿಹಾಕಿದವಳು ದೊಡ್ಡವಳೇ. ಮರೆತವಳೂ ಅವಳೇ. ಈಗ ಅದು ನೆನಪಾಗಿ ಸಿಟ್ಟು ಎರಡು ಪಟ್ಟಾಯಿತು.

"ಕಣ್ಣಿರಲಿಲ್ವಾ? ಮಾವನ ಜರಡಿ ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ಕಸದ ಗೋಡೇಲಿ ಹಾಕಿದೀರಲ್ಲ, ಮಾವನ್ನೂ ಅಲ್ಲಿಗೇ ಹಾಕಿದ್ರು ಅಕ್ಕ ಅಂದ್ಕೊಂಡೆ."

"ಬಾಯಿ!"

"ಕಸಕ್ಕೆ ವಾರಸುದಾರರಿಲ್ಲ ಅಂದಿದ್ದು ನನ್ನ ಬಾಯಲ್ಲ."

ಗಾಳಿ ಬಂತು. ದೊಡ್ಡವಳ ಗಂಡ ತೂರಲಿಲ್ಲ. "ಈಗ ಎಲ್ಲಿದೆ ಅದು?" ಎಂದಷ್ಟೇ ಕೇಳಿದ.

"ನರ್ಸಮ್ಮನ ಮನೇಲಿ."

ದೊಡ್ಡವಳು ತಲೆಯ ಬಟ್ಟೆಯನ್ನೂ ಬಿಚ್ಚದೆ ಹೊರಟಳು.

ನರ್ಸಮ್ಮ ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾಗಿ ಮನೆಯಲ್ಲಿದ್ದರೂ, ಎದುರಿಗೆ ಬಂದವರನ್ನು ನಾಲಿಗೆ ಚಾಚು ಎನ್ನುವವಳಂತೆ ನೋಡುವ ಅಭ್ಯಾಸ ಬಿಟ್ಟಿರಲಿಲ್ಲ. ಜರಡಿ ಅವಳ ಕಿಟಕಿಗೆ ನೇತಾಡುತ್ತಿತ್ತು. ತಗಡಿಗೆ ತೆಳು ಕಾಗದ ಮೆತ್ತಿ, ಮೇಲೆ ಬೂದಿ ಬಣ್ಣ, ಅದರ ಮೇಲೆ ಸುಣ್ಣದಂಥ ಬಿಳುಪು. ದರ್ಜಿಯಾಕೆ ಒಂದು ಅಂಚಿನ ತೂತುಗಳಲ್ಲಿ ನೀಲಿ ನೂಲು ಓಡಿಸಿದ್ದಳು. ನರ್ಸಮ್ಮ ತನ್ನ ಕೆಟ್ಟ ಕೈಗಡಿಯಾರ ಬಿಚ್ಚಿ ಅದರ ಚಕ್ರಗಳನ್ನು ಅಂಟಿಸಿದ್ದಳು. ಎಲ್ಲದರ ಮೇಲೂ ವಾರ್ನಿಷ್ ಮಿರುಗುತ್ತಿತ್ತು. ಮುಚ್ಚದೆ ಉಳಿದ ಕೆಲವು ತೂತುಗಳಿಂದ ಹೊರಗಿನ ಬಿಸಿಲು ಚುಕ್ಕಿಚುಕ್ಕಿಯಾಗಿ ನೆಲಕ್ಕೆ ಬಿದ್ದಿತ್ತು. ದೊಡ್ಡವಳು ಚೆಂದವನ್ನು ನೋಡಲಿಲ್ಲ. ಎಷ್ಟು ತೂತು ಮುಚ್ಚಿವೆ ಎಂದು ನೋಡಿದಳು.

"ನಮ್ಮನೆ ಜರಡಿ. ತಪ್ಪಿ ಬಂದಿದೆ. ಕೊಡಿ."

"ಮೇಜಿನ ಮೇಲೆ ಇಟ್ಟಿದ್ದನ್ನ ವಾಪಸ್ ಕೇಳೋ ಹಾಗಿಲ್ಲಮ್ಮ."

"ಇಟ್ಟವಳು ನಾನಲ್ಲ. ಬೇಕಾದ್ರೆ ದುಡ್ಡು ಕೊಡ್ತೀನಿ."

"ದುಡ್ಡನ್ನ ಕಿಟಕಿಗೆ ಕಟ್ಟಿಕೊಳ್ಳಲಾ? ಒಂದು ಕೊಡು, ಒಂದು ತಗೋ. ನೀನೇ ಮಾಡಿರಬೇಕು. ನಿನ್ನ ಓರಗಿತ್ತೀದು ತಂದು ನನ್ನದು ಅಂದ್ರೆ ನಂಗೆ ಗೊತ್ತಾಗುತ್ತೆ."

"ನಾನು ಹೊಲದ ಕೆಲಸದವಳು. ನಂಗೆ ಇದೆಲ್ಲ ಬರಲ್ಲ."

"ನಮಗ್ಯಾರಿಗೂ ಬರ್ತಿರಲಿಲ್ಲ," ಎಂದಳು ನರ್ಸಮ್ಮ. ಬಾಗಿಲ ಕಡೆ ನಡೆದಳು, ಕಳಿಸುವವಳಂತೆ.

ಮರುದಿನ ಗಂಡಸರಿಬ್ಬರೂ ಚಿಕ್ಕವಳೂ ಮಾರುವ ಕಾಳಿನ ಚೀಲಗಳನ್ನು ಗಾಡಿಗೆ ಹೇರಿಕೊಂಡು ಪೇಟೆಗೆ ಹೋದರು. ದೊಡ್ಡವಳು ಖಾಲಿ ಅಂಗಳವನ್ನು ಒಮ್ಮೆ ನೋಡಿ ಕೊಟ್ಟಿಗೆಗೆ ಹೋದಳು. ಹಿಂದಿನ ಗೋಡೆಯಲ್ಲಿ ಚಿಕ್ಕವಳ ಚೀಲ ನೇತಾಡುತ್ತಿತ್ತು. ಆ ಗೋಡೆ ತನ್ನದೇ ಎಂಬ ಧೈರ್ಯದಲ್ಲಿ ಅವಳು ತನ್ನದೆಲ್ಲವನ್ನೂ ಅಲ್ಲಿಯೇ ಇಡುತ್ತಿದ್ದಳು. ಬ್ರಷ್ಷುಗಳು, ಬಣ್ಣದ ಟ್ಯೂಬುಗಳು, ತವರಿನಿಂದ ತಂದ ಕತ್ತರಿ, ಬಣ್ಣ ಬಳಿಯುವಾಗ ತೊಡುವ ಹಳೆಯ ಅಂಗಿ.

ದೊಡ್ಡವಳು ಮುರಿದ ಬಾಗಿಲಿನ ಹಲಗೆಯೊಂದನ್ನು ನೆಲಕ್ಕೆ ಹಾಕಿ ಮೊಳೆಯ ಡಬ್ಬಿ ಪಕ್ಕಕ್ಕೆ ಎಳೆದುಕೊಂಡಳು. ಅಂಗಿಯ ತೋಳುಗಳನ್ನು ಎರಡೂ ಕಡೆ ಎಳೆದು ಹೊಡೆದಳು. ಒಂದೊಂದು ಬ್ರಷ್ಷಿಗೂ ಒಂದೊಂದು ಮೊಳೆ, ಒಂದೊಂದು ಮೊಳೆಗೂ ಒಂದೊಂದು ಹಳೆಯ ಸಿಟ್ಟು. ಸುಗ್ಗಿಯ ದಿನವೇ ತಲೆನೋವೆಂದು ಮಲಗಿದ್ದಕ್ಕೊಂದು. ತನ್ನ ಅಡುಗೆಗೆ ನೆಂಟರೆದುರು ಉಪ್ಪು ಹಾಕಿಕೊಂಡಿದ್ದಕ್ಕೊಂದು. ತನಗೆ ದಿನಾ ಬೈಯುತ್ತಿದ್ದ ಮಾವ ಚಿಕ್ಕವಳಿಗೆ ಒಂದು ದಿನವೂ ಬೈಯದೆ ಹೋದದ್ದಕ್ಕೊಂದು. ಕತ್ತರಿಯನ್ನು ಬಾಯಿ ತೆರೆದ ಹಾಗೆಯೇ ಬಡಿದು ಕೂರಿಸಿದಳು. ಡಬ್ಬಿಯೊಳಗೆ ಕೈ ಹಾಕಿ ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ದಪ್ಪನೆಯ ಮೊಳೆಯನ್ನು ಅಂಗಿಯ ಎದೆಯ ನಡುವೆ ಇಟ್ಟು, ನೋಡದೆ, ತಲೆಯೊಂದು ಹೊರಗುಳಿಯುವವರೆಗೂ ಹೊಡೆದಳು. ಆಮೇಲೆ ಚಿಕ್ಕವಳ ಗೋಂದನ್ನೇ ಸುರಿದು, ಮೇಲೆ ಬೊಗಸೆ ತುಂಬ ಬಟಾಣಿ ಹೊಟ್ಟು ಎರಚಿದಳು.

ದೊಡ್ಡವಳು ಹೊತ್ತು ತಂದ ಹಲಗೆಯನ್ನು ನರ್ಸಮ್ಮ ಗೋಡೆಗೆ ಒರಗಿಸಿ, ಹಿಂದೆ ಸರಿದು, ಬಹಳ ಹೊತ್ತು ನೋಡಿದಳು.

"ಯಾರ ಮೇಲಿನ ಕೋಪ ಇದು?"

"ಯಾರ ಮೇಲೂ ಇಲ್ಲ."

"ಹಾಗಿದ್ರೆ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ," ಎಂದು ಕಿಟಕಿಯಿಂದ ಜರಡಿ ಬಿಚ್ಚಿಕೊಟ್ಟಳು.

ಸಂಜೆ ಗಾಡಿ ಬಂದು ನಿಂತಿತು. ಚಿಕ್ಕವಳು ಕೈಕಾಲು ತೊಳೆದು ಕೊಟ್ಟಿಗೆಗೆ ಹೋದವಳು ಬಾಗಿಲಲ್ಲೇ ನಿಂತಳು.

"ಅಕ್ಕ, ನನ್ನ ಚೀಲ?"

"ಹಿಂದಿನ ಗೋಡೇಲಿತ್ತು," ಎಂದಳು ದೊಡ್ಡವಳು. ಒಲೆಯ ಮೇಲೆ ಹಂಡೆ ಇಡುತ್ತಿದ್ದಳು. "ಕಸಕ್ಕೆ ವಾರಸುದಾರರಿಲ್ಲ."

ಚಿಕ್ಕವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಹಂಡೆಯ ಪಕ್ಕದಲ್ಲಿದ್ದ ಜರಡಿ ಕಂಡಿತು. "ಅದು ನಮ್ಮಮ್ಮ ಕೊಟ್ಟ ಕತ್ತರಿ!"

"ಇದು ನಿಮ್ಮಮ್ಮ ಕೊಟ್ಟ ಜರಡಿನಾ?"

"ನಾನು ಕಸ ಅಂದ್ಕೊಂಡು ತಗೊಂಡೆ. ನೀವು ನನ್ನದು ಅಂತ ಗೊತ್ತಿದ್ದೂ ತಗೊಂಡ್ರಿ."

"ಹೌದು. ಗೊತ್ತಿದ್ದೂ."

"ಲೆಕ್ಕ ಸರಿಹೋಯ್ತಲ್ಲ, ಊಟಕ್ಕೆ ಹಾಕ್ರಮ್ಮ," ಎಂದ ಮೈದುನ. ಇಬ್ಬರೂ ಒಟ್ಟಿಗೆ ಅವನತ್ತ ತಿರುಗಿದರು. ಆ ದಿನ ಅವರಿಬ್ಬರೂ ಒಟ್ಟಿಗೆ ಮಾಡಿದ್ದು ಅದೊಂದೇ. ಅವನು ತಾನೇ ಬಡಿಸಿಕೊಂಡು ಉಂಡ.

ಬಿಸಿನೀರಿಗೆ ಕಾಗದ ಬಿಟ್ಟಿತು, ಬಣ್ಣ ಬಿಟ್ಟಿತು, ಚಕ್ರಗಳು ಒಂದೊಂದಾಗಿ ಉದುರಿದವು. ವಾರ್ನಿಷ್ ಮಾತ್ರ ಬಿಡಲಿಲ್ಲ. ತೂತುಗಳೊಳಗೆ ಇಳಿದು ಕಲ್ಲಾಗಿ ಕೂತಿತ್ತು. ಬೆಳಗ್ಗೆ ದೊಡ್ಡವಳು ಮಾವನ ಮೊಳೆಯಿಂದ ಬಿಡಿಸೋಣವೆಂದು ಡಬ್ಬಿ ತೆಗೆದಳು. ಬೆರಳಾಡಿಸಿದಳು. ಡಬ್ಬಿಯನ್ನು ಅಂಗಳದಲ್ಲಿ ಬೋರಲು ಹಾಕಿದಳು. ಸುತ್ತಿಗೆಯ ಏಟಿಗೆ ತಲೆ ಅಣಬೆಯಂತೆ ಹರಡಿಕೊಂಡಿದ್ದ ಆ ದಪ್ಪ ಮೊಳೆ ಇರಲಿಲ್ಲ. ಅಂಗಿಯ ಎದೆ ನೆನಪಾಯಿತು.

ಬೇರೆ ಮೊಳೆ ಹಾಕಿ ನೋಡಿದಳು. ಸಣ್ಣದು ನಡುವೆ ಮಾತ್ರ ತೂರಿತು, ಅಂಚಿನ ವಾರ್ನಿಷ್ ಹಾಗೆಯೇ ಉಳಿಯಿತು. ಇನ್ನೊಂದು ತಗಡನ್ನೇ ಹರಿಯಿತು. ಹರಿದ ತೂತಿನಲ್ಲಿ ಬೀಜದ ಕಾಳೂ ಸಲೀಸಾಗಿ ಜಾರಿಹೋಯಿತು. ಅಲ್ಲಿಗೆ ನಿಲ್ಲಿಸಿದಳು. ಇನ್ನು ನಾಲ್ಕಾರು ದಿನಕ್ಕೆ ಬೀಜಕ್ಕೆ ಹೇಳಿಟ್ಟವರು ಬರತೊಡಗುತ್ತಾರೆ. ಅವಳು ರಾಶಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಒಂದೊಂದೇ ಕಾಳು ಆರಿಸತೊಡಗಿದಳು.

ಚಿಕ್ಕವಳು ಚೆಲ್ಲಿದ್ದ ಮೊಳೆಗಳನ್ನು ನೋಡಿದಳು, ಜರಡಿಯನ್ನು ನೋಡಿದಳು. "ಏನು ಕಳೆದಿದೆ ಅಕ್ಕ?"

"ಏನಿಲ್ಲ."

"ಅಪ್ಪನ ಮೊಳೆ," ಎಂದ ದೊಡ್ಡವಳ ಗಂಡ.

ಆಗಲೇ ನರ್ಸಮ್ಮನ ಮನೆಯಲ್ಲಿ ಹಲಗೆ ನೋಡಿ ಬಂದಿದ್ದ ಚಿಕ್ಕವಳ ಮುಖದಲ್ಲಿ ನಗು ಮೂಡಿತು. ಅಡಗಿಸಲು ಅವಳು ಹೋಗಲೂ ಇಲ್ಲ. "ನನ್ನ ಎದೆಗೆ ಹೊಡೆದ್ರಾ ಅದನ್ನ?"

"ನಿನ್ನ ಅಂಗಿಗೆ."

"ಒಂದು ಮಾತು ಕೇಳಿ. ತಂದುಕೊಡ್ತೀನಿ."

"ನಿನ್ನ ಕೇಳೋ ಬದಲು ಹಲ್ಲಲ್ಲಿ ಬಿಡಿಸ್ತೀನಿ ಆ ತೂತನ್ನ."

"ಬಿಡಿಸಿ. ಇರೋ ಹಲ್ಲೂ ದಪ್ಪ ಮೊಳೆ ಥರಾನೇ ಇದಾವೆ."

ಶನಿವಾರದ ಹೊತ್ತಿಗೆ ದೊಡ್ಡವಳ ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ರಾಶಿಯ ಒಂದು ಮೂಲೆ ಮಾತ್ರ ಕರಗಿತ್ತು. ಅವಳು ಕೇಳಲಿಲ್ಲ.

ಭಾನುವಾರ ಮಧ್ಯಾಹ್ನ ಚಿಕ್ಕವಳು ತನ್ನ ಕೋಣೆಯಿಂದ ಬಟ್ಟೆ ಸುತ್ತಿದ ಒಂದು ವಸ್ತು ಹಿಡಿದು ಹೊರಬಂದಳು. ಟ್ರಂಕಿನ ಮುಚ್ಚಳದ ಮೇಲೆ ಮಾಡಿದ ತವರುಮನೆ ಅದು. ಒಡೆದ ಬಸಿಯ ಚೂರಿನ ಮಾಡು, ಅಮ್ಮನ ರವಿಕೆಯ ತುಂಡಿನ ಬಾಗಿಲು. ಅದನ್ನು ಅವಳು ಮೇಜಿನ ಮೇಲೆ ಇಟ್ಟವಳಲ್ಲ, ಇಡುವೆನೆಂದು ಅಂದುಕೊಂಡವಳೂ ಅಲ್ಲ. ಗಂಡ ಗುರುತು ಹಿಡಿದು "ಅದನ್ನಾ?" ಎಂದ. ಅವಳು ಅದನ್ನು ಎದೆಗೊತ್ತಿ ದರ್ಜಿಯಾಕೆಯ ಅಂಗಡಿಯತ್ತ ನಡೆದಳು.

ಬಿಸಿಲು ಇಳಿಯುವ ಹೊತ್ತಿಗೆ ಅದರ ಬದಲು ಎತ್ತಿಕೊಂಡ ಹಲಗೆಯನ್ನು ತಲೆಯ ಮೇಲೆ ಹೊತ್ತು ಬಂದಳು. ಅಂಗಳದ ನಡುವೆ ಇಳಿಸಿ, ಇಕ್ಕಳ ತಂದು, ಕಾಲಿನಿಂದ ಹಲಗೆಯನ್ನು ಒತ್ತಿಹಿಡಿದು ಎದೆಯ ಮೊಳೆಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ಕಿತ್ತಳು. ದೊಡ್ಡವಳ ಮುಂದಿದ್ದ ಕಲ್ಲಿನ ಮೇಲೆ ಟಣ್ ಎಂದು ಇಟ್ಟಳು.

"ನಾನು ಕೇಳಿಲ್ಲ," ಎಂದಳು ದೊಡ್ಡವಳು.

"ನಾನು ನಿಮಗೋಸ್ಕರ ತಂದಿಲ್ಲ. ಮಾವಂದು ಅದು."

ದೊಡ್ಡವಳು ಮೊಳೆ ಎತ್ತಿಕೊಂಡಳು. ತೂತುಗಳು ಒಂದೊಂದಾಗಿ ತೆರೆದುಕೊಂಡವು. ಹರಿದ ಒಂದಕ್ಕೆ ಬಟ್ಟೆ ತುರುಕಿದಳು. ಕತ್ತಲಾಗುವ ಮೊದಲೇ ಜರಡಿ ಗರಗರ ತಿರುಗತೊಡಗಿತು.

"ಕತ್ತರಿ ಬಿಡಿಸ್ಕೊಳ್ಳೇ," ಎಂದ ಚಿಕ್ಕವಳ ಗಂಡ.

"ಬಿಡಿಸಿದ್ರೆ ಕೆಡುತ್ತೆ," ಎಂದು ಅವಳು ಹಲಗೆಯನ್ನು ಎತ್ತಿಕೊಂಡು ಹೋಗಿ ತಲೆಬಾಗಿಲ ಪಕ್ಕದ ಗೋಡೆಗೆ ತೂಗುಹಾಕಿದಳು. ಅಂಗಳಕ್ಕೆ ಬಂದ ಯಾರ ಕಣ್ಣಿಗೂ ಮೊದಲು ಬೀಳುವ ಜಾಗ ಅದು.

ಬೀಜಕ್ಕೆ ಬಂದವರು ಚೀಲ ಕೆಳಗಿಡುವ ಮೊದಲೇ ಅದನ್ನು ನೋಡಿದರು. ಒಬ್ಬ ಮುದುಕ ಹತ್ತಿರ ಹೋಗಿ, ಬಾಯಿ ತೆರೆದ ಕತ್ತರಿಯನ್ನೂ ಎದೆಯ ತೂತನ್ನೂ ಬೆರಳಿನಿಂದ ಮುಟ್ಟಿದ.

"ಯಾರಮ್ಮ ಮಾಡಿದ್ದು ಇದನ್ನ? ನೋಡಿದ್ರೆ ಮೈ ಜುಂ ಅನ್ನುತ್ತೆ."

"ನಮ್ಮಕ್ಕ," ಎಂದಳು ಚಿಕ್ಕವಳು, ಅಂಗಳಕ್ಕೆಲ್ಲ ಕೇಳುವ ಹಾಗೆ. "ಬೀಜ ಮಾತ್ರ ಅಲ್ಲ, ಇದೂ ಅವರ ಕೈಯದ್ದೇ."

ಮುದುಕ ದೊಡ್ಡವಳನ್ನು ನೋಡಿದ. ಇಷ್ಟು ವರ್ಷ ನೋಡಿದ ಹಾಗೆ ನೋಡಲಿಲ್ಲ. ಅವಳು ಅವನ ಬೀಜ ಅಳೆದು ಕೊಟ್ಟು, ಅವನು ಹೋಗುವವರೆಗೆ ಕಾದಳು.

"ತೆಗಿ ಅದನ್ನ."

"ನನ್ನ ಅಮ್ಮನ ಮನೆ ಕೊಟ್ಟು ತಂದಿದ್ದು. ಸುಮ್ಮನೆ ತೆಗೀತೀನಾ?"

"ಏನು ಬೇಕು ನಿಂಗೆ?"

"ಒಂದು ಕೊಡಿ, ಒಂದು ತಗೊಳ್ಳಿ. ನೀವೇ ಮಾಡಿರಬೇಕು," ಎಂದಳು ಚಿಕ್ಕವಳು. "ಇದಕ್ಕಿಂತ ಚೆನ್ನಾಗಿರಬೇಕು."

ದೊಡ್ಡವಳು ಜರಡಿಗೆ ಕಾಳು ಸುರಿದು ತಿರುಗಿಸತೊಡಗಿದಳು. ಸಣ್ಣದು ಉದುರಿತು, ದಪ್ಪನೆಯದು ಮೇಲುಳಿಯಿತು. ಆ ವರ್ಷದ ಬೀಜವೆಲ್ಲ ಹೊರಟುಹೋಯಿತು, ಅಂಗಳ ಖಾಲಿಯಾಯಿತು. ಹಲಗೆ ಗೋಡೆಯ ಮೇಲೆಯೇ ಇತ್ತು.