ನೆನಪಿಡುವ ಕೆಲಸ ಯಾರದು?

ಕರೆಂಟಣ್ಣನ ಹೆಂಡತಿ ಹೊಲಿಗೆ ಕೆಲಸ ಮಾಡುತ್ತಿದ್ದ ಬಟ್ಟೆ ಕಾರ್ಖಾನೆಯಿಂದ ಅವಳಿಗೆ ಸೂಪರ್‌ವೈಸರ್ ಕೆಲಸದ ಕಾಗದ ಬಂದಿತ್ತು. ಸಂತೋಷಪಡಬೇಕಾದ ಮನೆಯಲ್ಲಿ ಎಲ್ಲರದೂ ಹರಳೆಣ್ಣೆ ಕುಡಿದ ಮುಖ.

"ಆಗಲ್ಲ ಅಂತ ಬರೆದುಕೊಟ್ಬಿಡ್ತೀನಿ," ಎಂದಳು ಹೆಂಡತಿ. "ದಿನಾ ಬರೋದು ರಾತ್ರಿ ಎಂಟಾಗುತ್ತೆ. ಮನೆ ನಡೆಯೋದು ಹೇಗೆ?"

"ನಾನು ಸತ್ತುಹೋಗಿದ್ದೀನಾ? ಈಗಲೂ ಅರ್ಧ ಕೆಲಸ ನಾನೇ ಮಾಡ್ತೀನಲ್ಲ!" ಎಂದು ಗಂಡ ಎದೆ ಉಬ್ಬಿಸಿದ. ವೈರಿಂಗ್ ಕೆಲಸದ ಅವನನ್ನು ಬೀದಿಯವರೆಲ್ಲ ಕರೆಂಟಣ್ಣ ಎನ್ನುತ್ತಿದ್ದರು.

ಭಾನುವಾರವೆಂದು ಮನೆಗೆ ಬಂದಿದ್ದ ಅವನ ತಂಗಿ ಕಿಸಕ್ಕನೆ ನಕ್ಕಳು. ಅವಳು ಕಾಲೇಜಿನಲ್ಲಿ ಸಮಾಜಶಾಸ್ತ್ರದ ಪ್ರೊಫೆಸರ್. ಮನೆಯೊಳಗೆ ಯಾರು ಎಷ್ಟು ದುಡಿಯುತ್ತಾರೆ, ಅದರಿಂದ ಹೊರಗಿನ ಉದ್ಯೋಗದಲ್ಲಿ ಯಾರು ಹಿಂದೆ ಬೀಳುತ್ತಾರೆ ಎಂದು ಇಪ್ಪತ್ತು ವರ್ಷ ಮನೆಮನೆ ಅಲೆದು ಬರೆದವಳು. "ಇದೂ ಒಂದು ಸಂಶೋಧನೆಯೇ?" ಎಂದು ಜೊತೆಯವರು ಮೂಗು ಮುರಿದದ್ದರಿಂದ ಅವಳ ಬಡ್ತಿ ಆರು ವರ್ಷ ತಡವಾಗಿತ್ತು. ಕರೆಂಟಣ್ಣನೂ ಮೂಗು ಮುರಿದವರ ಪಕ್ಷವೇ.

"ಪಾತ್ರೆ ತೊಳೆಯೋದು ಯಾರು ಅಂತ ತಿಳ್ಕೊಳ್ಳೋಕೆ ಡಾಕ್ಟರೇಟ್ ಬೇಕಿತ್ತೇನೇ? ನನ್ನ ಕೇಳಿದ್ರೆ ಎರಡು ನಿಮಿಷದಲ್ಲಿ ಹೇಳ್ತಿದ್ದೆ."

"ಈಗ ಕೇಳ್ತೀನಿ, ಹೇಳಣ್ಣ. ತರಕಾರಿ ತರೋರು?"

"ನಾನೇ!"

"ಮುಗೀತು ಅಂತ ನೋಡೋರು?"

"ಇವಳು."

"ಮಗಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗೋರು?"

"ನಾನೇ, ಸ್ಕೂಟರಲ್ಲಿ!"

"ಯಾವತ್ತು, ಎಷ್ಟು ಗಂಟೆಗೆ ಅಂತ ಜ್ಞಾಪಕ ಇಟ್ಕೊಳ್ಳೋರು?"

"ಇವಳೇ."

"ಮಗಳಿಗೆ ಯಾವ ಔಷಧಿ ಒಗ್ಗಲ್ಲ?"

ಕರೆಂಟಣ್ಣ ಮಗಳ ಮುಖ ನೋಡಿದ. ಮಗಳು ಫ್ಯಾನಿನ ಕಡೆ ನೋಡಿದಳು.

"ಜ್ಞಾಪಕ ಇಟ್ಕೊಳ್ಳೋದೂ ಒಂದು ಕೆಲಸಾನಾ? ಬೆವರು ಬರುತ್ತಾ ಅದಕ್ಕೆ?" ಎಂದು ಅವನು ರೇಗಿದ.

"ಶುಕ್ರವಾರ ಅತ್ತಿಗೆಗೆ ಇಡೀ ದಿನ ತರಬೇತಿ. ಫೋನ್ ಆಫ್. ಒಂದು ದಿನ ನೀನೇ ಮನೆ ನಡೆಸಿ ನೋಡು. ಆಮೇಲೆ ಬೇಕಾದ್ರೆ ಅತ್ತಿಗೆ ಆಗಲ್ಲ ಅಂತ ಬರೆದುಕೊಡಲಿ," ಎಂದಳು ತಂಗಿ.

ಶುಕ್ರವಾರ ಬೆಳಿಗ್ಗೆ ಅವನು ಸಕ್ಕರೆಯದೆಂದುಕೊಂಡ ಡಬ್ಬಿಯಲ್ಲಿ ಉಪ್ಪಿತ್ತು. ಅದು ಗೊತ್ತಾಗಿದ್ದು ಚಹಾ ಬಾಯಿಗಿಟ್ಟ ಮೇಲೆ. ಮುಖ ಕಿವಿಚಿಕೊಂಡೇ ಮಗಳಿಗೆ ಸಮವಸ್ತ್ರ ತೊಡಿಸಿದ.

"ಅಪ್ಪಾ, ಇವತ್ತು..."

"ಬಾಯಿ ಮುಚ್ಚು, ಹೊತ್ತಾಯ್ತು!"

ಶಾಲೆಯ ಗೇಟಿಗೆ ಬೀಗ. ಕಾವಲುಗಾರ ತಲೆ ಕೆರೆದುಕೊಂಡ. "ಇವತ್ತು ರಜಾ ಅಲ್ವಾ ಸ್ವಾಮಿ? ತಂದೆತಾಯಿಯರ ಗ್ರೂಪಲ್ಲಿ ಮೆಸೇಜ್ ಬಂದಿತ್ತಲ್ಲ?"

ಆ ಗ್ರೂಪಿನಲ್ಲಿ ತಾಯಂದಿರಷ್ಟೇ ಇದ್ದರು. ಹಾಗೊಂದು ಗ್ರೂಪ್ ಇದೆಯೆಂದು ಕರೆಂಟಣ್ಣನಿಗೆ ತಿಳಿದದ್ದೇ ಆಗ.

"ಅದನ್ನೇ ಹೇಳೋಕೆ ಬಂದೆ," ಎಂದಳು ಮಗಳು.

ಮಗಳನ್ನು ಎಲ್ಲಿ ಬಿಡುವುದು? ಕಟ್ಟಡದ ಕೆಲಸಕ್ಕೇ ಕರೆದೊಯ್ದ. ಅವಳನ್ನು ವೈರಿನ ಸುರುಳಿಯ ಮೇಲೆ ಕೂರಿಸಿ, ಏಣಿ ಹತ್ತಿದಾಗಲೆಲ್ಲ ಕೆಳಗಿಳಿದು ನೋಡಿ ಬಂದ. ದಿನಕ್ಕೆ ಆರು ಸ್ವಿಚ್‌ಬೋರ್ಡ್ ಹಾಕುವವನು ಎರಡು ಹಾಕಿದ್ದ. ಸಂಜೆ ಮನೆಗೆ ಬಂದು ಅನ್ನಕ್ಕಿಟ್ಟರೆ, ಒಲೆ ಪುಸ್ ಎಂದು ಆರಿತು. ಗ್ಯಾಸ್ ಖಾಲಿ! ಬುಕ್ ಮಾಡುವ ನಂಬರ್ ಗೊತ್ತಿಲ್ಲ. ಹೆಂಡತಿಗೆ ಹನ್ನೊಂದು ಸಲ ಫೋನ್ ಮಾಡಿದ. ಹನ್ನೊಂದು ಸಲವೂ ಸ್ವಿಚ್ ಆಫ್.

ಹೆಂಡತಿ ಬಂದಾಗ ಅಪ್ಪ ಮಗಳು ಅರೆಬೆಂದ ಅಕ್ಕಿಯ ಮುಂದೆ ಕೂತಿದ್ದರು. ಅವಳು ಬೈಯುತ್ತಾಳೆಂದು ಅವನು ಕಾದ. ಅವಳು ಪಕ್ಕದಲ್ಲಿ ಕುಳಿತು, "ನನಗೆ ದಿನಾ ಹೀಗೇ ರೀ. ಹೊಲಿಯೋ ಮಿಷನ್ ಮುಂದೆ ಕೂತ್ರೂ ತಲೆಯೊಳಗೆ ಗ್ಯಾಸು, ಫೀಸು, ಔಷಧಿ," ಎಂದಳು.

ಕರೆಂಟಣ್ಣ ತಟ್ಟೆ ಪಕ್ಕಕ್ಕೆ ಸರಿಸಿದ. "ಬಲ್ಬು ಹಾಕಿ ಮೀಸೆ ತಿರುವಿದ್ದು ನಾನು. ಮೇನ್ ಸ್ವಿಚ್ಚು ನಿನ್ನ ತಲೇಲಿತ್ತು ಕಣೇ. ಆ ಶಾಲೆ ಗ್ರೂಪಿಗೆ ನನ್ನ ಸೇರಿಸು. ಶಾಲೆ, ಗ್ಯಾಸು, ಡಾಕ್ಟರು ಇನ್ಮೇಲೆ ನಂದು. ನೀನು ಜ್ಞಾಪಿಸಲೂ ಬೇಡ."

ಸೋಮವಾರ ಅವಳು ಒಪ್ಪಿಗೆಯ ಸಹಿ ಹಾಕಿದಳು. ಆ ವಾರ ಅವನು ಮರೆಯಬಾರದೆಂದು ಗ್ಯಾಸನ್ನು ಎರಡು ಸಲ ಬುಕ್ ಮಾಡಿದ. ಹೆಂಡತಿ ತುಟಿ ಕಚ್ಚಿ ನಗು ತಡೆದಳೇ ಹೊರತು, ನಡುವೆ ಬಾಯಿ ಹಾಕಲಿಲ್ಲ.

ಅಣ್ಣಂದಿರೇ, ಅಪ್ಪಂದಿರೇ, "ಏನಾದ್ರೂ ಸಹಾಯ ಮಾಡ್ಲಾ?" ಎಂದು ಕೇಳಿ ನಿಲ್ಲಬೇಡಿ. ಏನು ಮಾಡಬೇಕೆಂದು ಹುಡುಕಿ ಹೇಳುವುದು ಅವರಿಗೆ ಇನ್ನೊಂದು ಕೆಲಸ. ಇವತ್ತೇ ಮನೆಯ ಒಂದು ಕೆಲಸವನ್ನು ಪೂರ್ತಿ ನಿಮ್ಮದು ಮಾಡಿಕೊಳ್ಳಿ. ಗಮನಿಸುವುದೂ ನೀವೇ, ನೆನಪಿಡುವುದೂ ನೀವೇ, ಮುಗಿಸುವುದೂ ನೀವೇ. ಮೊದಮೊದಲು ಎಡವುತ್ತೀರಿ, ಎಡವಿದರೆ ತಪ್ಪಿಲ್ಲ. ನಿಮ್ಮ ಮನೆಯಾಕೆಯ ತಲೆಭಾರ ಅಷ್ಟು ಇಳಿದರೂ ಸಾಕು, ಅವಳ ಕಾಲು ಒಂದು ಹೆಜ್ಜೆ ಮುಂದೆ ಹೋಗುತ್ತದೆ.