ಅತ್ತೆಯ ಅಳತೆ

"ಏನ್ ತಿಂತೀರೇ ನೀವು? ಗಾಳೀನಾ? ಕದ್ದ ಜೋಳ ಎಲ್ಲಿಟ್ಟಿದೀರಿ ತೆಗೀರೇ ಆಚೆಗೆ, ಸೂಳೇರ!"

ಮೇಸ್ತ್ರಿ ಸಾಂಡಿಫೋಲೊ ಬೂಟು ಹಾಕಿಕೊಂಡೇ ಬಿಡಾರದೊಳಗೆ ಬಂದಿದ್ದ. ಹೊಗೆಸೊಪ್ಪು ನೇತುಹಾಕುವ ಕೋಲಿನಿಂದ ನಮ್ಮ ಗಂಟುಗಳನ್ನು ತಿವಿದು ಬಿಚ್ಚಿದ. ಹರಕು ಬಟ್ಟೆ, ಮಗಳು ಫೈನೆಸಿಯ ಟಿನ್ನಿನ ಡಬ್ಬಿ, ಒಣಗಿಸಿದ ಕುಂಬಳದ ಎಲೆ. ಅಷ್ಟೇ. ಅತ್ತೆ ತನ್ನ ಆಪುಹುಲ್ಲಿನ ಚಾಪೆಯ ಮೇಲಿಂದ ಏಳಲಿಲ್ಲ.

"ಏ ಮುದ್ಕಿ, ಎದ್ದೇಳು. ಚಾಪೆ ಕೆಳಗೇನೈತೆ?"

"ನೆಲ ಐತೆ ಕಣಪ್ಪ. ಅದೂ ನಿನ್ನ ಧಣೀದೇ."

ಅವನು ಒಲೆಯ ಮೇಲಿನ ಮಡಕೆಗೆ ಕೈ ಹಾಕಿ ಒಂದು ಉಂಡೆ ತೆಗೆದು ಮೂಸಿದ.

"ತೌಡು! ಥೂ! ಹಂದಿಗಾಕೋದ್ ತಿಂತೀರಲ್ರೇ."

"ಹಂದಿಗೂ ಸಾಲ ಇಲ್ಲ, ನಮ್ಗೂ ಸಾಲ ಇಲ್ಲ," ಅಂದಳು ಅತ್ತೆ.

ಸಾಂಡಿಫೋಲೊ ಮಡಕೆಗೆ ಒದ್ದು ಹೋದ. ಮುದ್ದೆ ಬೂದಿಯಲ್ಲಿ ಉರುಳಿತು. ಬೂದಿ ಅಂಟಿದ ಕಡೆ ಉಗುರಿನಿಂದ ಕೆರೆದು ಅತ್ತೆ, ನಾನು, ಫೈನೆಸಿ ಮೂವರೂ ತಿಂದೆವು. ಬೂದಿಯೇನು ನಮಗೆ ಹೊಸದಲ್ಲ. ಉಪ್ಪಿನ ಬದಲು ನಾವು ಸೊಪ್ಪಿಗೆ ಹಾಕುತ್ತಿದ್ದದ್ದು ಬೂದಿ ನೆನೆಸಿದ ತಿಳಿನೀರನ್ನೇ.

ಧಣಿ ಕಪೋಲೋಮಾನ ಹೊಗೆಸೊಪ್ಪಿನ ತೋಟದಲ್ಲಿ ಎಲ್ಲರೂ ಅವನ ಉಗ್ರಾಣದ ಹಿಟ್ಟು ತಿನ್ನುತ್ತಾರೆ. ಬಿತ್ತನೆಯಿಂದ ಒಣಗಿದ ಎಲೆ ಒತ್ತಿ ಬೇಲು ಕಟ್ಟುವವರೆಗೆ ಮೂಟೆ ಮೂಟೆ ಬರುತ್ತದೆ. ಬೆಲೆ ಯಾರೂ ಕೇಳುವುದಿಲ್ಲ. ಸೊಪ್ಪು ಮಾರಿದ ಮೇಲೆ ಹಿಟ್ಟಿನದು, ಗೊಬ್ಬರದ್ದು, ಗೋಣಿದಾರದ್ದು ಎಲ್ಲ ಮುರಿದುಕೊಂಡು, "ಇನ್ನೂ ನೀನೇ ಕೊಡ್ಬೇಕು ಕಣ್ಲಾ" ಅನ್ನುತ್ತಾನೆ. ಕೊಡಬೇಕಾದವನು ಮುಂದಿನ ಬೆಳೆಗೂ ಇಲ್ಲೇ ಇರಬೇಕು. ಹೋದ ವರ್ಷ ನಾವೂ ಹಾಗೇ ಉಳಿದವರು. ಸಾಲವಿಲ್ಲದವರು ಕೈಯಲ್ಲಿ ದುಡ್ಡು ಹಿಡಿದು ಶನಿವಾರದ ಲಾರಿ ಹತ್ತಿ ದಕ್ಷಿಣಕ್ಕೆ, ನಮ್ಮೂರ ಕಡೆ ಫಲೊಂಬೆಗೆ, ಗುಡ್ಡದ ಬುಡಕ್ಕೆ ಹೋಗಬಹುದು. ಹಾಗೆ ಹೋದವರನ್ನು ನಾನು ನೋಡಿಲ್ಲ.

ಈ ಸಲ ಮೊದಲ ಮೂಟೆ ಬಂದ ದಿನ ಅತ್ತೆ ಬಾಗಿಲಿಗೆ ಅಡ್ಡ ಕೂತಿದ್ದಳು. "ಅವನ ಹಿಟ್ಟು ಈ ಒಲೆಗ್ ಬ್ಯಾಡ. ವಾಪಸ್ ಒಯ್ಯಿ."

ನನ್ನ ಗಂಡ ಮುಹೇರಿವಾ ಅವಳ ಮುಖ ನೋಡಿದ. "ತಿನ್ನೋದೇನವ್ವಾ ಮತ್ತೆ?"

"ಸಿಕ್ಕಿದ್ದು."

ಸಿಕ್ಕಿದ್ದು ಅಂದರೆ, ಹಳ್ಳದಾಚೆಯ ಗಿರಣಿಯ ನೆಲ ಗುಡಿಸಿದರೆ ನನಗೆ ಕೊಡುತ್ತಿದ್ದ ತೌಡು. ಬದುವಿನ ಮೇಲೆ ಅತ್ತೆ ಹಾಕಿದ ಕುಂಬಳದ ಬಳ್ಳಿ. ಕೊಯ್ಲಾದ ಹೊಲದಲ್ಲಿ ಮುಹೇರಿವಾ ಬಿಲ ಅಗೆದು ಹಿಡಿದ ಇಲಿ. ಬೆಂಕಿಪೊಟ್ಟಣ ಕೊಳ್ಳದೆ ಪಕ್ಕದ ಬಿಡಾರದ ದೌಲೊನ ಒಲೆಯಿಂದ ಕೆಂಡ ತರುತ್ತಿದ್ದೆವು. ಸೋಪಿಗೆ ಬದಲು ಪಪ್ಪಾಯಿ ಎಲೆ. ಅತ್ತೆಯ ಒಂದು ಸುತ್ತುಬಟ್ಟೆ ಹರಿದು ಫೈನೆಸಿಗೆ ಅಂಗಿ ಆಯಿತು, ಅಂಗಿ ಹರಿದು ಮಡಕೆ ಇಳಿಸುವ ಬಟ್ಟೆ ಆಯಿತು. ಸಂಜೆ ಮುದ್ದೆ ಮುರಿಯುವಾಗ ಅತ್ತೆ ತನ್ನ ಪಾಲನ್ನು ಮೊಮ್ಮಗಳ ಕಡೆ ತಳ್ಳುತ್ತಿದ್ದಳು. ನಾವು ಬೇರೆ ಕಡೆ ನೋಡುತ್ತಿದ್ದೆವು.

ಬೇಲುಗಳು ಹರಾಜಿಗೆ ಹೋದವು. ಬರುವ ಶನಿವಾರ ದುಡ್ಡು ಎಂದು ಧಣಿ ಹೇಳಿದ. ಹಳೆ ಬಾಕಿ, ಗೊಬ್ಬರ, ದಾರ ಮುರಿದರೂ ಉಳಿಯುತ್ತಿತ್ತು. ಸೊಪ್ಪಿನ ಕೊಟ್ಟಿಗೆಯಲ್ಲಿ ಕಡೆಯ ಒಂದಿಷ್ಟು ಎಲೆ ದರ್ಜೆವಾರು ಬೇರ್ಪಡಿಸುವುದಿತ್ತು.

ಗುರುವಾರ ಅತ್ತೆ ಅಲ್ಲೇ, ಸೊಪ್ಪಿನ ರಾಶಿಗೆ ಒರಗಿಕೊಂಡು ಸತ್ತಳು. ಯಾರಿಗೂ ಗೊತ್ತಾಗಲಿಲ್ಲ.

"ಏ ಮಾಲಿತಾ! ನಿದ್ದೆ ಮಾಡಕ್ ಬಂದಿದೀಯೇನೇ ಮುದಿ ಲೌಡಿ?" ಸಾಂಡಿಫೋಲೊ ಅವಳ ಬುಟ್ಟಿಗೆ ಒದ್ದ. ಆಮೇಲೆ ಅವಳ ಕಾಲಿಗೆ. ಕಾಲು ಅಲ್ಲಾಡಿ ಮತ್ತೆ ಮೊದಲಿನ ಜಾಗಕ್ಕೆ ಬಂತು. ಅವನು ಒಂದು ಹೆಜ್ಜೆ ಹಿಂದೆ ಸರಿದ.

ನಾನು ಹೋಗಿ ಅವಳ ಬೆರಳುಗಳಿಂದ ಎಲೆ ಬಿಡಿಸಿಕೊಂಡೆ. ಅಂಚು ಸ್ವಲ್ಪ ಕಂದಿತ್ತು. ಎರಡನೇ ದರ್ಜೆ. ಎರಡನೇ ರಾಶಿಗೆ ಹಾಕಿದೆ. ಮುಹೇರಿವಾನನ್ನು ಕರೆಯಲು ಹೊಲದ ಕಡೆ ನಡೆದೆ. ತಿರುಗಿ ಬರುವಾಗ ಅವಳನ್ನು ನೆಲಕ್ಕೆ ಮಲಗಿಸಿದ್ದರು, ಸಾಂಡಿಫೋಲೊ ಸೊಪ್ಪಿನ ಕೋಲನ್ನು ಅವಳ ಪಕ್ಕ ಇಟ್ಟು ಉದ್ದ ನೋಡುತ್ತಿದ್ದ. ಕೋಲು ಅವಳಿಗಿಂತ ಉದ್ದವಿತ್ತು. ಅವಳ ನೆತ್ತಿ ಮುಟ್ಟಿದ ಕಡೆ ಕತ್ತಿಯಿಂದ ಒಂದು ಗೀರು ಎಳೆದ.

ಗೀರು ಯಾತಕ್ಕೆಂದು ನಮಗೆಲ್ಲ ಗೊತ್ತು. ಬಿಡಾರದಲ್ಲಿ ಯಾರು ಸತ್ತರೂ ಧಣಿಯ ಬಡಗಿ ಪೆಟ್ಟಿಗೆ ಮಾಡುತ್ತಾನೆ. ಕೇಳದೆಯೇ ಬರುತ್ತದೆ. ಅಂಗಳಕ್ಕೆ ಬಂದ ಶವಪೆಟ್ಟಿಗೆ ಖಾಲಿ ಹಿಂದಿರುಗಿದರೆ, ಹಿಂದಿರುಗಿ ಸೇರಿದ ಮನೆಯಲ್ಲಿ ಒಬ್ಬರನ್ನು ತುಂಬಿಕೊಳ್ಳದೆ ಬಿಡುವುದಿಲ್ಲ ಎಂದು ನಾವೂ ನಂಬುತ್ತೇವೆ, ಧಣಿಯ ಕಡೆಯವರೂ ನಂಬುತ್ತಾರೆ. ಹಾಗಾಗಿ ಯಾರೂ ವಾಪಸ್ ಕಳಿಸಿದ್ದಿಲ್ಲ. ದೌಲೊ ಅವನ ಅಪ್ಪನ ಪೆಟ್ಟಿಗೆಯ ಸಾಲ ತೀರಿಸಲು ಇನ್ನೂ ದುಡಿಯುತ್ತಿದ್ದಾನೆ.

ಮರುದಿನ ಬೆಳಿಗ್ಗೆ ಟ್ರ್ಯಾಕ್ಟರು ಬಂತು. ಪೆಟ್ಟಿಗೆ, ಬಿಳಿ ಬಟ್ಟೆ, ಬಾಯಿ ಹೊಲಿದ ಹಿಟ್ಟಿನ ಮೂಟೆ. ಸಾಂಡಿಫೋಲೊ ಎಲ್ಲವನ್ನೂ ಅಂಗಳದಲ್ಲಿ ಇಳಿಸಿದ. ಹಿಂದಿನಿಂದ ಧಣಿ ತನ್ನ ಪಿಕಪ್ಪಿನಲ್ಲಿ ಚರ್ಚಿನ ಹಿರಿಯನನ್ನು ಕೂರಿಸಿಕೊಂಡು ಬಂದ. ಟೋಪಿ ತೆಗೆದು ಎದೆಗೆ ಹಿಡಿದ.

"ಪಾಪ, ಒಳ್ಳೆ ಮುದುಕಿ. ನಂಗೆ ಎದ್ರು ಮಾತಾಡ್ತಿದ್ಲು, ಆದ್ರೂ ಒಳ್ಳೇಳು. ಅಳ್ಬೇಡ್ರಲಾ. ನಾನಿಲ್ವಾ?"

ಯಾರೂ ಅಳುತ್ತಿರಲಿಲ್ಲ.

"ಇದುಕ್ಕೆ... ಎಷ್ಟಾಯ್ತದೆ ಬುದ್ದಿ?" ಮುಹೇರಿವಾ ನೆಲ ನೋಡುತ್ತ ಕೇಳಿದ.

"ಥೂ! ಹೆತ್ತವ್ವನ ಹೆಣ ಮುಂದಿಟ್ಕಂಡು ದುಡ್ಡಿನ್ ಮಾತಾ? ನೀನೇನ್ ಮನುಷ್ಯನಾ ಕತ್ತೇನಾ? ಆಮೇಲ್ ನೋಡ್ಕಳನ. ಬರೋ ಬೆಳೆಗೆ."

ಬರೋ ಬೆಳೆಗೆ. ಮುಹೇರಿವಾ ತಲೆ ಆಡಿಸಿದ. ಹೌದು ಎಂದೋ ಇಲ್ಲ ಎಂದೋ ತಿಳಿಯಲಿಲ್ಲ.

"ಪೆಟ್ಟಿಗೆ ಬ್ಯಾಡ," ಅಂದೆ ನಾನು.

ಚರ್ಚಿನ ಹಿರಿಯ ನನ್ನ ಕಡೆ ತಿರುಗಿದ. "ಏನಂದೆ ಎನೆಲೆಸಿ?"

"ಅತ್ತೆ ಚಾಪೆ ಮೇಲ್ ಮಲಗ್ತಿದ್ಲು. ಚಾಪೇಲೇ ಮಲಗ್ತಾಳೆ."

"ಚಾಪೇಲಿ ಸುತ್ತಿ ಹೂಳಕ್ಕೆ ಅವಳೇನ್ ನಾಯೇನಮ್ಮಿ? ದೇವ್ರು ಮೆಚ್ತಾನಾ? ನಾನಂತೂ ಪ್ರಾರ್ಥನೆ ಮಾಡಲ್ಲ."

"ಬಿಡಿ ಯಜಮಾನ್ರೆ," ಅಂದ ಧಣಿ, ಟೋಪಿ ಮತ್ತೆ ತಲೆಗೇರಿಸುತ್ತ. "ಹೊಟ್ಟೆಗಿಲ್ದೋರ ಜಂಬ. ಗುಂಡಿ ತೋಡೋರ್ಗೆ ಊಟ ಇಕ್ಬೇಕಲ್ಲ, ಆಗ ಮೂಟೆ ಬಾಯಿ ತಾನಾಗೇ ಬಿಚ್ತದೆ."

ಅವನು ಹೇಳಿದ್ದು ಸುಳ್ಳಲ್ಲ. ಗುಂಡಿ ತೋಡುವವರು ಉಣ್ಣದೆ ಹೆಣ ಎತ್ತುವುದಿಲ್ಲ. ಅದು ಅವರ ಹಕ್ಕು. ಕೋಳಿ ಕೇಳುತ್ತಾರೆ, ಕಾಳು ಕೇಳುತ್ತಾರೆ, ಸತ್ತವರ ಮಕ್ಕಳನ್ನು ಗೇಲಿ ಮಾಡಿ ಕುಣಿಸುತ್ತಾರೆ. ದೌಲೊ ಮತ್ತು ಅವನ ಜೊತೆಯವರು ಗುದ್ದಲಿ ತೊಳೆದು ಬಂದು ಸಾಲಾಗಿ ಕೂತರು. ನಾನು ತೌಡಿನ ಮುದ್ದೆ, ಬೂದಿನೀರಿನಲ್ಲಿ ಬೇಯಿಸಿದ ಕುಂಬಳದ ಎಲೆ ಮುಂದಿಟ್ಟೆ. ಅವರ ಬೆನ್ನ ಹಿಂದೆ ಹಿಟ್ಟಿನ ಮೂಟೆ ನಿಂತಿತ್ತು. ಒಬ್ಬನು ತಿರುಗಿ ಅದನ್ನು ನೋಡಿದ. ಇನ್ನೊಬ್ಬನೂ ನೋಡಿದ.

"ಏನಕ್ಕಾ, ಇಲಿನಾರಾ ಇಲ್ವಾ?" ಅಂದ ದೌಲೊ.

"ಇಲ್ಲ."

"ಉಪ್ಪು?"

"ಇಲ್ಲ."

"ನಿಮ್ಮತ್ತೆ ಸತ್ತೂ ನಮ್ಮನ್ ಉಪವಾಸ ಕೆಡವ್ತಾಳಲ್ಲ." ಅವನು ಮುದ್ದೆ ಮುರಿದು ಬಾಯಿಗಿಟ್ಟ. ಬಹಳ ಹೊತ್ತು ಜಗಿದ. ನುಂಗಿದ. ಮತ್ತೆ ಮುರಿದ. ಉಳಿದವರೂ ಕೈ ಹಾಕಿದರು.

ಅತ್ತೆಯನ್ನು ಚಾಪೆಯಲ್ಲಿ ಸುತ್ತಿ ಗೋಣಿದಾರದಲ್ಲಿ ಮೂರು ಕಡೆ ಕಟ್ಟಿದೆವು. ದಾರ ಹಳೆಯದು, ಹರಿದ ತುಂಡುಗಳನ್ನು ಅವಳೇ ಗಂಟು ಹಾಕಿ ಸುತ್ತಿಟ್ಟಿದ್ದು. ಪ್ರಾರ್ಥನೆ ಇರಲಿಲ್ಲ. ಮಣ್ಣು ಹಾಕಿ ಬಂದೆವು.

ಅಂಗಳದಲ್ಲಿ ಪೆಟ್ಟಿಗೆ ಹಾಗೇ ಇತ್ತು. ಸಾಂಡಿಫೋಲೊ ಅದರ ಪಕ್ಕದಲ್ಲಿ ಕಾಯುತ್ತಿದ್ದ.

"ಹಲಗೆ ಕುಯ್ದಾಯ್ತು, ಮೊಳೆ ಹೊಡೆದಾಯ್ತು. ನೀವ್ ಬಳಸ್ರಿ ಬಿಡ್ರಿ, ಅದು ನಿಮ್ ಲೆಕ್ಕಕ್ಕೇ. ನಾಳೆ ಲಾರಿ ಗೀರಿ ಅನ್ಬ್ಯಾಡ್ರಿ. ಧಣಿ ಹೇಳವ್ರೆ."

ಮುಹೇರಿವಾ ಗೋಡೆಗೆ ಒರಗಿ ಕುಸಿದು ಕೂತ. ನಾನು ಫೈನೆಸಿಯ ಕೈಯಿಂದ ಮಡಕೆ ಇಳಿಸುವ ಬಟ್ಟೆ ತೆಗೆದುಕೊಂಡು ಸಿಂಬಿ ಸುತ್ತಿ ತಲೆಯ ಮೇಲಿಟ್ಟೆ. ಬಿಳಿ ಬಟ್ಟೆಯನ್ನು ಪೆಟ್ಟಿಗೆಯೊಳಗೆ ಮಡಚಿ ಹಾಕಿದೆ. ಪೆಟ್ಟಿಗೆಯ ಒಂದು ತುದಿ ಎತ್ತಿ ಅದರಡಿಗೆ ತಲೆ ಕೊಟ್ಟು ನಿಂತೆ. ಹಸಿ ಹಲಗೆ, ಆದರೂ ನೀರಿನ ಬಿಂದಿಗೆಗಿಂತ ಹೆಚ್ಚೇನೂ ಭಾರವಿರಲಿಲ್ಲ. ಅತ್ತೆ ಗಿಡ್ಡಿ.

"ಏ ಏ, ಏನ್ ಮಾಡ್ತಿದೀಯೇ? ಇಳ್ಸೇ ಕೆಳಿಕ್ಕೆ! ತಲೆ ಕೆಟ್ಟೈತಾ ನಿಂಗೆ?" ಸಾಂಡಿಫೋಲೊ ಕೂಗಿದ. ಹತ್ತಿರ ಬರಲಿಲ್ಲ. ಖಾಲಿ ಪೆಟ್ಟಿಗೆಯ ನೆರಳು ತನ್ನ ಕಾಲಿಗೆ ತಾಗದ ಹಾಗೆ ಪಕ್ಕಕ್ಕೆ ಜಿಗಿದ.

ನಡೆದೆ. ಹಿಂದೆ ಏನೋ ದೊಪ್ಪನೆ ಭುಜಕ್ಕೇರಿದ ಸದ್ದು. ಮುಹೇರಿವಾ ಹಿಟ್ಟಿನ ಮೂಟೆ ಹೊತ್ತಿದ್ದ.

ಬಿಡಾರದ ಸಾಲಿನಲ್ಲಿ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಹೆಂಗಸರು ಕೂಸುಗಳನ್ನು ಒಳಗೆಳೆದುಕೊಂಡರು. ನಾಯಿ ಕೂಡ ಬೊಗಳಲಿಲ್ಲ.

ಧಣಿಯ ಮನೆಯ ಜಗುಲಿಯಲ್ಲಿ ಅವನ ತಾಯಿ ಕುರ್ಚಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನಾನು ಮೆಟ್ಟಿಲು ಹತ್ತಿ ಪೆಟ್ಟಿಗೆಯನ್ನು ಅವಳ ಮುಂದೆ ಇಳಿಸಿದೆ. ಮುಹೇರಿವಾ ಮೂಟೆ ಇಳಿಸಿದ. ಹೊಲಿಗೆ ಬಿಚ್ಚಿರಲಿಲ್ಲ.

ಧಣಿ ಬನಿಯನ್ನಿನಲ್ಲೇ ಓಡಿಬಂದ. "ಎತ್ತೇ! ಎತ್ತೇ ಮುಂಡೆ! ಖಾಲಿ ಪೆಟ್ಟಿಗೆ ನನ್ ಮನೆ ಬಾಗ್ಲಿಗ್ ತತ್ತೀಯಾ! ಸಾಂಡಿಫೋಲೊ, ಎಸೀಲಾ ಇದನ್ನ!"

ಓಡೋಡಿ ಹಿಂದೆ ಬಂದಿದ್ದ ಸಾಂಡಿಫೋಲೊ ಮೆಟ್ಟಿಲ ಕೆಳಗೇ ನಿಂತ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. "ನಂಗೂ ಮಕ್ಳವೆ ಬುದ್ದಿ."

ಮುದುಕಿ ಪೆಟ್ಟಿಗೆಯ ಉದ್ದವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. "ಯಾರಿಗ್ ಮಗ ಇದು?"

ಧಣಿ ಸಾಂಡಿಫೋಲೊನ ಕಡೆ ನೋಡಿದ.

"ಅಳತೆ ತಗಂಡಿದ್ದು ನಿಮ್ ಮೇಸ್ತ್ರಿ," ಅಂದೆ. "ಅವ್ನನ್ನೇ ಕೇಳಿ."

ಶನಿವಾರ ಬೆಳಿಗ್ಗೆ ಗಂಟು ಕಟ್ಟಿಕೊಂಡು ಬಂದು ರಸ್ತೆ ಬದಿಯ ಮಾವಿನ ಮರದ ಕೆಳಗೆ ಕೂತೆವು. ದುಡ್ಡು ಇನ್ನೂ ಕೈಗೆ ಬಂದಿರಲಿಲ್ಲ. ಅಲ್ಲಿಂದ ಧಣಿಯ ಜಗುಲಿ ಕಾಣುತ್ತದೆ. ಪೆಟ್ಟಿಗೆ ಇಟ್ಟಲ್ಲೇ ಇತ್ತು. ಕುರ್ಚಿ ಖಾಲಿ. ಜೋಳ ಕುಟ್ಟಲು ಬರುವ ಹೆಂಗಸರು ಬಂದಿರಲಿಲ್ಲ. ಪೆಟ್ಟಿಗೆಯೊಳಗಿನ ಬಿಳಿ ಬಟ್ಟೆಯ ಮೇಲೆ ಕೋಳಿಯೊಂದು ಕಾವಿಗೆ ಕೂತಿದೆ, ಎಬ್ಬಿಸಲು ಯಾರೂ ಹೋಗಿಲ್ಲ ಎಂದು ದೌಲೊ ಹೇಳಿದ. ಹೇಳುವಾಗ ಅವನ ಬಾಯಿಯ ಒಂದು ತುದಿ ಮಾತ್ರ ನಕ್ಕಿತು.

ಲಾರಿ ಬಂದು ನಿಂತಿತು. ಡ್ರೈವರು ಹಾರನ್ ಹೊಡೆದ. ಅದೇ ಹೊತ್ತಿಗೆ ಸಾಂಡಿಫೋಲೊ ಏದುಸಿರು ಬಿಡುತ್ತ ಬಂದ.

"ಮುದ್ಕಮ್ಮ ನಿನ್ನೆಯಿಂದ ಅನ್ನ ಮುಟ್ಟಿಲ್ಲ. ಬಾಯಿ ಬಿಡ್ತಿಲ್ಲ. ಬಂದ್ ಪೆಟ್ಟಿಗೆ ಎತ್ತಕ್ಕಾ. ಎತ್ತಿದ್ರೆ ನಿಮ್ ಬೆಳೆ ದುಡ್ ಕೊಡ್ತಾರಂತೆ."

ನಿನ್ನೆಯವರೆಗೆ ಸೂಳೆ. ಈಗ ಅಕ್ಕ.

"ದುಡ್ ಮೊದ್ಲು," ಅಂದೆ.

"ಲಾರಿ ಹೊಂಟೋಯ್ತದೆ ಕಣಕ್ಕಾ!"

"ಹೋಗ್ಲಿ. ಬರೋ ಶನಿವಾರ ಇನ್ನೊಂದ್ ಬತ್ತದೆ."

ಅವನು ಜಗುಲಿಯ ಕಡೆ ನೋಡಿದ, ಲಾರಿಯ ಕಡೆ ನೋಡಿದ, ಬಂದ ದಾರಿಯಲ್ಲೇ ಓಡಿದ. ಡ್ರೈವರು ಇನ್ನೊಮ್ಮೆ ಹಾರನ್ ಹೊಡೆದು ಕಾದ. ಆಮೇಲೆ ಹೊರಟ. ಧೂಳು ನಮ್ಮ ಮೇಲೆ ಬಂದು ಕೂತಿತು. ಮುಹೇರಿವಾ ಒರೆಸಿಕೊಳ್ಳಲಿಲ್ಲ. ಜಗುಲಿಯಲ್ಲಿ ಯಾರೋ ಬಾಗಿಲು ತೆರೆದು, ಪೆಟ್ಟಿಗೆ ನೋಡಿ, ಮತ್ತೆ ಮುಚ್ಚಿದರು.

"ಅವ್ವಾ, ಹಸಿವು," ಅಂದಳು ಫೈನೆಸಿ.

ನಾನು ಮೂರು ಕಲ್ಲು ಹುಡುಕಿ ತಂದೆ. ಜಗುಲಿಗೆ ನೇರ ಕಾಣುವ ಹಾಗೆ ಒಲೆ ಹೂಡಿ, ದೌಲೊನ ಬಿಡಾರಕ್ಕೆ ಕೆಂಡ ತರಲು ಹೋದೆ.