ನಾಲಿಗೆ ಕಳಚಿದ ಕ್ಯಾಮೆರಾ

ಮಾವನವರಿಗೆ ನಮ್ಮ ಬೀದಿಯಲ್ಲಿದ್ದ ಅಡ್ಡಹೆಸರು ‘ಸ್ವಲ್ಪ ಹಿಂದೆ’. ಪತ್ರಿಕೆಯಲ್ಲಿ ಫೋಟೋಗ್ರಾಫರ್ ಆಗಿದ್ದವರು. ಮಂತ್ರಿಯಾಗಲಿ, ಮದುಮಗಳಾಗಲಿ, ಎಲ್ಲರಿಗೂ ಒಂದೇ ಮಾತು: “ಸ್ವಲ್ಪ ಹಿಂದೆ ಹೋಗಿ.” ಎದುರಿನವರು ಹೋಗದಿದ್ದರೆ ತಾವೇ ಹಿಂದೆ ಸರಿಯುತ್ತಿದ್ದರು. ಒಮ್ಮೆ ಹಾಗೆ ಸರಿಯುತ್ತ ಸರಿಯುತ್ತ ಉದ್ಯಾನದ ಕಾರಂಜಿಯ ತೊಟ್ಟಿಗೆ ಬಿದ್ದು, ಸೊಂಟಮಟ್ಟದ ನೀರಿನಲ್ಲಿ ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದರಂತೆ.

ಅವರಿಗೆ ಹಿಂದೆ ಸರಿಯಲು ಆಗದೇ ಹೋದದ್ದು ಸ್ವಂತ ಅಡುಗೆಮನೆಯಲ್ಲಿ. ನಮ್ಮ ಅಡುಗೆಮನೆ ಓಣಿಯ ಹಾಗೆ ಇಕ್ಕಟ್ಟು. ಬಾಗಿಲಿನಲ್ಲಿ ನಿಂತರೆ ಬೆನ್ನಿಗೆ ಮೆಟ್ಟಿಲಿನ ಗೋಡೆ ತಾಗುತ್ತದೆ. ಹಾಗಾಗಿ ಜೀವಮಾನದ ಬಹುಪಾಲು ಅಲ್ಲೇ ಕಳೆದ ನಮ್ಮತ್ತೆಯ ಫೋಟೋ ಅಲ್ಲಿಯದು ಒಂದೇ ಒಂದು. ಅದರಲ್ಲಿರುವುದು ಅರ್ಧ ಭುಜ, ಒಂದು ಮೊಣಕೈ, ಒಲೆಯ ಒಂದು ಪಕ್ಕ. ಅತ್ತೆ ತೀರಿಕೊಂಡ ಮೇಲೆ ಮಾವ ಅದಕ್ಕೇ ಕಟ್ಟು ಹಾಕಿಸಿ ಅಡುಗೆಮನೆಯ ಗೋಡೆಗೆ ತೂಗುಹಾಕಿದರು. ನೆಂಟರು “ಇದು ಯಾರು?” ಎಂದರೆ “ನಮ್ಮನೆಯವಳ ಮೊಣಕೈ” ಎಂದು ನಗುತ್ತಿದ್ದರು. ಆ ನಗು ಬೇಗ ಮುಗಿದುಹೋಗುತ್ತಿತ್ತು.

ಕ್ಯಾಮೆರಾ ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿತ್ತು. ಮುಚ್ಚಿದ್ದಾಗ ಅದೊಂದು ಕಪ್ಪು ಪೆಟ್ಟಿಗೆ. ಮುಂದಿನ ಮುಚ್ಚಳ ತೆರೆದರೆ ಅದೇ ಹಲಗೆಯಾಗಿ ಚಾಚಿಕೊಳ್ಳುತ್ತದೆ, ಹಲಗೆಯ ಕಂಬಿಗಳ ಮೇಲೆ ಲೆನ್ಸ್ ಜಾರಿ ಮುಂದಕ್ಕೆ ಬರುತ್ತದೆ, ಅದರ ಹಿಂದೆ ಹಾರ್ಮೋನಿಯಂನ ಹಾಗೆ ಮಡಿಕೆ ಮಡಿಕೆಯಾದ ಚರ್ಮದ ತಿದಿ ಬಿಚ್ಚಿಕೊಳ್ಳುತ್ತದೆ. ಬೆನ್ನಿನಲ್ಲಿರುವ ಮಂಜುಗಾಜಿನ ಮೇಲೆ ಎದುರಿನ ಲೋಕವೆಲ್ಲ ತಲೆಕೆಳಗಾಗಿ ಮೂಡುತ್ತದೆ. ನೋಡಿಯಾದ ಮೇಲೆ ಆ ಗಾಜಿನ ಜಾಗದಲ್ಲಿ ಒಂದು ಸಲಕ್ಕೆ ಒಂದೇ ಹಾಳೆ ಫಿಲಂ ಕೂರಿಸಿ ಫೋಟೋ ಹಿಡಿಯಬೇಕು.

ಹಳೆಯ ಸಾಮಾನುಗಳ ಒಳಗೆ ಬಲ್ಬು ಕೂರಿಸಿ ಮೇಜಿನ ದೀಪ ಮಾಡಿ ಮಾರುವ ಅಂಗಡಿಯವರೊಬ್ಬರು ಅದನ್ನು ನೋಡಿ ಆಸೆಪಟ್ಟರು. ಭಾನುವಾರ ಬಂದು ಒಯ್ಯಿರಿ ಎಂದು ಮಾವ ಮಾತು ಕೊಟ್ಟುಬಿಟ್ಟರು. ವಿಷಯ ತಿಳಿದು ನನ್ನ ಮಗಳು ಊಟದ ತಟ್ಟೆಯ ಮುಂದೆ ಕೈ ಕಟ್ಟಿ ಕೂತಳು.

“ತಾತ, ಅದರ ಹೊಟ್ಟೆ ಬಗೆದು ಬಲ್ಬ್ ಇಡ್ತಾರೆ.”

“ಇಡಲಿ ಬಿಡು. ಸುಮ್ನೆ ಕೂತಿರೋದು ಬೆಳಕಾದ್ರೂ ಕೊಡಲಿ. ನನ್ನ ಕೈ ನಡುಗುತ್ತೆ. ಇನ್ಯಾರು ಹಿಡೀತಾರೆ ಅದನ್ನ?”

“ನಾನು.”

“ನೀನಾ? ಕಿವಿ ಕಾಣ್ಬೇಕು, ಹಲ್ಲು ಕಾಣ್ಬಾರ್ದು ಅಂತ ದಿನಾ ಹೇಳ್ಕೊಂಡಿರೋಳು.”

ಮಗಳು ಕೆಲಸ ಮಾಡುವುದು ಪಾಸ್‌ಪೋರ್ಟ್ ಫೋಟೋ ತೆಗೆಯುವ ಸ್ಟುಡಿಯೋದಲ್ಲಿ. ಅವಳು ಎದ್ದುಹೋಗಿ, ಕರವಸ್ತ್ರದಲ್ಲಿ ಸುತ್ತಿದ್ದ ಒಂದು ಲೆನ್ಸ್ ತಂದು ಅವರ ಮುಂದಿಟ್ಟಳು. ಮುಚ್ಚಿಹೋದ ಯಾವುದೋ ಸ್ಟುಡಿಯೋದ ಸಾಮಾನಿನಲ್ಲಿ ಸಿಕ್ಕಿದ್ದಂತೆ. ಅದರ ಗಾಜು ಕಪ್ಪೆಯ ಕಣ್ಣಿನ ಹಾಗೆ ಉಬ್ಬಿಕೊಂಡಿತ್ತು.

“ಇದನ್ನ ಹಾಕಿದ್ರೆ ಹಿಂದೆ ಹೋಗೋದೇ ಬೇಡ. ಬಾಗಿಲಲ್ಲೇ ನಿಂತು ಇಡೀ ಅಡುಗೆಮನೆ ಹಿಡೀಬಹುದು.”

ಮಾವ ಲೆನ್ಸನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದು ಫಿಲಮ್ಮಿಗೆ ಮೂಗು ತಾಗಿಸ್ಕೊಂಡು ಕೂರೋ ಪೈಕಿ. ಲೆನ್ಸ್ ಅಷ್ಟು ಒಳಕ್ಕೆ ಹೋಗೋದು ನನ್ನ ಪೆಟ್ಟಿಗೆಯಲ್ಲಿ ಆಗೋ ಮಾತಲ್ಲ” ಎಂದರು. ಆಮೇಲೆ ಅವರ ಕಣ್ಣು ಅಡುಗೆಮನೆಯ ಕಡೆ ಹೋಯಿತು. “ಸರಿ. ಅವರು ಬಂದು ಒಯ್ಯೋದ್ರೊಳಗೆ ಅಡುಗೆಮನೆಯ ನಾಲ್ಕೂ ಮೂಲೆ ಒಂದೇ ಫಿಲಮ್ಮಿನಲ್ಲಿ ತೋರಿಸು. ಕ್ಯಾಮೆರಾ ನಿಂದು. ಇಲ್ಲಾಂದ್ರೆ ದೀಪ. ಒಂದು ತೂತೂ ಕೊರೀಬಾರ್ದು.”

ಅಂದಿನಿಂದ ನಮ್ಮ ಊಟದ ಮೇಜು ಊಟಕ್ಕೆ ಸಿಗಲಿಲ್ಲ. ಪೆಟ್ಟಿಗೆಯ ಒಳಗೇ ಒಂದು ಜೊತೆ ಗಿಡ್ಡ ಕಂಬಿಗಳಿದ್ದವು. ಮಗಳು ಕಪ್ಪೆಕಣ್ಣನ್ನು ಹಲಗೆಯ ಮೇಲೆ ನಿಲ್ಲಿಸದೆ ಆ ಕಂಬಿಗಳ ಮೇಲೆ, ಪೆಟ್ಟಿಗೆಯ ಒಳಕ್ಕೆ ಕೂರಿಸಿದಳು. ಕಪ್ಪು ಬಟ್ಟೆ ಹೊದ್ದು ಮಂಜುಗಾಜು ನೋಡಿದವಳು ಒಳಗಿನಿಂದಲೇ ನಗತೊಡಗಿದಳು.

“ಅಮ್ಮಾ, ಬಾ ಇಲ್ಲಿ. ನಮಗೇ ನಾಲಿಗೆ ಚಾಚ್ತಿದೆ.”

ನಾನು ಕೈ ಒರೆಸಿಕೊಂಡು ಹೋಗಿ ನೋಡಿದೆ. ಲೆನ್ಸ್ ಎಷ್ಟು ಅಗಲಕ್ಕೆ ನೋಡುತ್ತಿತ್ತೆಂದರೆ, ಮುಂದೆ ಚಾಚಿದ ಕ್ಯಾಮೆರಾದ್ದೇ ಹಲಗೆ ನಾಲಿಗೆಯಂತೆ ಚಿತ್ರದೊಳಗೆ ಬಂದು ಕೂತಿತ್ತು. ಹಲಗೆಯನ್ನು ಇನ್ನೊಂದು ಹಂತ ಕೆಳಕ್ಕೆ ಬಾಗಿಸಿದರೂ ತುದಿ ಕಾಣುತ್ತಲೇ ಇತ್ತು. ಹಲಗೆಯನ್ನೇ ಕಳಚಿಬಿಡಲು ಮಗಳು ಅದರ ಕೀಲಿಗೆ ಕೈ ಹಾಕಿದಳು. ಪಕ್ಕದ ಕುರ್ಚಿಯಲ್ಲಿ ಪೇಪರ್ ಮುಖಕ್ಕೆ ಹಿಡಿದಿದ್ದ ಮಾವ ಪೇಪರ್ ಇಳಿಸದೆಯೇ ಹೇಳಿದರು:

“ಕೀಲಿನ ಕಡ್ಡಿ ಎಡಗಡೆಯಿಂದ ಎಳಿ. ಬಲದಿಂದ ಎಳೆದ್ರೆ ಮುರಿಯುತ್ತೆ.”

“ನೀವು ಪೇಪರ್ ಓದ್ತಿದ್ರಲ್ಲ ತಾತ.”

“ಓದ್ತಾನೇ ಇದೀನಿ.”

ಪೇಪರ್ ತಲೆಕೆಳಗಾಗಿತ್ತು. ನಾನು ನೋಡಿಯೂ ನೋಡದವಳಂತೆ ಒಳಗೆ ಹೋದೆ.

ನಾಲಿಗೆ ಕಳಚಿತು. ಆದರೆ ತಿದಿ ಹಟ ಹಿಡಿಯಿತು. ಅಷ್ಟು ಇಕ್ಕಟ್ಟಿಗೆ ಅದರ ಮಡಿಕೆಗಳು ಒಗ್ಗಲಿಲ್ಲ. ಒತ್ತಿದಷ್ಟೂ ಲೆನ್ಸನ್ನು ಹೊರಕ್ಕೆ ನೂಕುತ್ತಿದ್ದವು, ಮಿಕ್ಕ ಚರ್ಮ ಗಾಜಿನ ಹಿಂದೆ ಜೋಲುಬಿದ್ದು ನಾಲ್ಕೂ ಮೂಲೆಗಳನ್ನು ನುಂಗುತ್ತಿತ್ತು. ಮಗಳು ಗಲ್ಲಕ್ಕೆ ಕೈ ಕೊಟ್ಟು ಕೂತಳು. ಸಣ್ಣವಳಿದ್ದಾಗ ಜಡೆಯ ಸಿಕ್ಕು ಬಿಡಿಸಲು ಬಾರದೆ ಹೀಗೆಯೇ ಕೂರುತ್ತಿದ್ದಳು. ಆಗ ಕೂರುತ್ತಿದ್ದಂತೆ ಈಗಲೂ ನಾನು ಹೋಗಿ ಪಕ್ಕದಲ್ಲಿ ಕೂತೆ.

“ಮಡಿಕೆಯೇ ಇರಬಾರ್ದಮ್ಮ. ಮೆತ್ತಗೆ ಚೀಲದ ಥರ ಇರಬೇಕು. ಬೆಳಕು ಮಾತ್ರ ಒಂದು ಚೂರೂ ಒಳಗೆ ಬರಬಾರ್ದು.”

“ಚೀಲ ತಾನೇ? ಅದನ್ನ ನನಗೆ ಹೇಳೋದು ಬಿಟ್ಟು ಇಷ್ಟು ಹೊತ್ತು ಏನು ಯೋಚನೆ?”

ಮನೆಯಲ್ಲಿ ಹೊಲಿಗೆ ಹೊಲಿಯುವವಳು ನಾನು. ಕಡ್ಡಿ ಮುರಿದ ದೊಡ್ಡ ಛತ್ರಿಯೊಂದರ ಕಪ್ಪು ಬಟ್ಟೆ ಬಿಚ್ಚಿ, ಎರಡೂ ತುದಿ ತೆರೆದಿರುವ ಚೌಕದ ಚೀಲ ಹೊಲಿದೆ. ಸಾಸಿವೆಯಷ್ಟು ಸಣ್ಣ ಹೊಲಿಗೆ, ಒತ್ತೊತ್ತಾಗಿ. ಚೀಲ ಪೆಟ್ಟಿಗೆಯೊಳಗೆ ಬೆಕ್ಕಿನ ಮರಿಯ ಹಾಗೆ ಮುದುಡಿ ಕೂತಿತು. ಶನಿವಾರ ಮಧ್ಯಾಹ್ನ ಮಗಳು ಬಾಗಿಲಿನಲ್ಲಿ ನಿಂತು ಒಂದು ಫಿಲಂ ಹಿಡಿದಳು. ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊದಿಸಿ ಅಲ್ಲೇ ತೊಳೆದು ಹೊರಗೆ ತಂದಳು.

ನಾಲ್ಕೂ ಮೂಲೆ ಬಂದಿದ್ದವು. ಅವುಗಳ ಜೊತೆಗೆ ನೆಗೆಟಿವ್‌ನ ಈ ತುದಿಯಿಂದ ಆ ತುದಿಗೆ ಕಪ್ಪು ಚುಕ್ಕೆಗಳದೊಂದು ಸಾಲೂ ಬಂದಿತ್ತು.

ಮಾವ ಭೂತಗನ್ನಡಿ ಹಿಡಿದು ನೋಡಿದರು. “ಸೊಸೆಯ ಹೊಲಿಗೆ ಕಣೇ ಇದು. ಒಂದೂ ಗೆರೆ ತಪ್ಪಿಲ್ಲ. ಸೂಜಿ ಹೋದ ಕಡೆಯೆಲ್ಲ ಬೆಳಕೂ ಹೋಗಿದೆ. ಪ್ರಿಂಟ್ ಹಾಕಿದ್ರೆ ಒಲೆ ಮೇಲೆ ನಕ್ಷತ್ರ.”

ನನ್ನ ಮುಖ ಸಣ್ಣದಾಯಿತು. ಸಣ್ಣ ಹೊಲಿಗೆ ಅಂದರೆ ಹೆಚ್ಚು ತೂತು. ಮಗಳು ನಗಲು ನೋಡಿದಳು, ಆಗಲಿಲ್ಲ. ಬೆಳಗಾದರೆ ಭಾನುವಾರ.

ಬೆಳಿಗ್ಗೆ ಯಾರದೋ ಕೋಟಿಗೆ ಇಸ್ತ್ರಿ ಮಾಡುತ್ತ ತೋಳಿನೊಳಗೆ ಕೈ ಹಾಕಿದಾಗ ಬೆರಳಿಗೆ ಒಳಗಿನ ಅಸ್ತರಿನ ಹೊಲಿಗೆ ತಾಗಿತು. ಹೊರಗಿನ ಹೊಲಿಗೆ ಒಂದು ಕಡೆ, ಒಳಗಿನದು ಇನ್ನೊಂದು ಕಡೆ. ಎರಡೂ ಒಂದೇ ಜಾಗಕ್ಕೆ ಬಂದರೆ ಗಂಟಾಗುತ್ತದೆಂದು ಹಾಗೆ ಹೊಲಿದವಳು ನಾನೇ. ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಕತ್ತರಿ ಹುಡುಕಿದೆ. ಚೀಲಕ್ಕೂ ಅಸ್ತರು ಕೊಟ್ಟರಾಯಿತು. ಹೊರಚೀಲದ ಹೊಲಿಗೆ ಮೂಲೆಗಳಲ್ಲಿ, ಒಳಚೀಲದ್ದು ಮಗ್ಗುಲ ನಡುವೆ. ಹೊರಗಿನ ತೂತಿನಿಂದ ನುಗ್ಗಿದ ಬೆಳಕಿಗೆ ಒಳಗೆ ಗಟ್ಟಿ ಬಟ್ಟೆಯೇ ಎದುರಾಗಬೇಕು.

ನಾನು ಇನ್ನೂ ಮಿಷನ್ ತುಳಿಯುತ್ತಿರುವಾಗಲೇ ದೀಪದಂಗಡಿಯವರು ರಟ್ಟಿನ ಪೆಟ್ಟಿಗೆ ಹಿಡಿದು ಬಂದರು.

“ಕೂತ್ಕೊಳ್ಳಿ, ಬಟ್ಟೆ ಹೊಲೀತಿದ್ದಾಳೆ” ಎಂದರು ಮಾವ.

“ಯಾರಿಗೆ?”

“ಕ್ಯಾಮೆರಾಗೆ.”

ಪಾಪ, ಅವರು ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಟೀ ಕುಡಿದರು.

ಮಗಳು ಹೊಸ ಚೀಲ ತೊಡಿಸಿ, ಒಳಗೆ ಟಾರ್ಚ್ ಹಚ್ಚಿಟ್ಟು, ಕ್ಯಾಮೆರಾವನ್ನು ಬಚ್ಚಲುಮನೆಯ ಕತ್ತಲಿಗೆ ಒಯ್ದು ಬಾಗಿಲು ಹಾಕಿಕೊಂಡಳು. ನಾನು ಹೊರಗೆ ನಿಂತು ಸೆರಗಿನ ತುದಿ ತಿರುಚುತ್ತಿದ್ದೆ. “ಅಮ್ಮಾ, ಒಂದು ಚುಕ್ಕೆಯೂ ಇಲ್ಲ” ಎಂದಳು ಒಳಗಿನಿಂದ.

ಆಮೇಲೆ ಎಲ್ಲರನ್ನೂ ಅಡುಗೆಮನೆಗೆ ತುಂಬಿದಳು. ನಾನು ಒಲೆಯ ಹತ್ತಿರ, ಮನೆಯಲ್ಲೇ ಇದ್ದ ನನ್ನ ಗಂಡ ತೊಟ್ಟಿಯ ಹತ್ತಿರ. ಒಂದು ಮೂಲೆ ಖಾಲಿ ಎಂದು ದೀಪದಂಗಡಿಯವರನ್ನೂ ಬಿಡಲಿಲ್ಲ. ಅವರು ರಟ್ಟಿನ ಪೆಟ್ಟಿಗೆಯನ್ನು ಕಂಕುಳಲ್ಲಿ ಹಿಡಿದೇ ನಿಂತರು.

“ತಾತ, ಮೊದಲು ನೀವು ನೋಡಿ” ಎಂದು ಕಪ್ಪು ಬಟ್ಟೆ ಎತ್ತಿಕೊಟ್ಟಳು. ಮಾವ ಒಳಗೆ ತಲೆ ಹಾಕಿದರು. ಬಟ್ಟೆಯೊಳಗೆ ಅವರ ತಲೆ ಒಂದೊಂದೇ ಮೂಲೆಗೆ ಹೊರಳಿತು. ಕೊನೆಗೆ ಬಟ್ಟೆಯೊಳಗಿನಿಂದ ದನಿ ಬಂತು, “ಸ್ವಲ್ಪ...”

ನಾವು ಗಂಡಹೆಂಡತಿ ಅಭ್ಯಾಸಬಲದಿಂದ ಗೋಡೆಗೆ ಬೆನ್ನು ಹತ್ತಿಸಿದೆವು.

“ಹಿಂದೆ ಬೇಡ. ಮುಂದೆ ಬನ್ನಿ. ಎಲ್ಲರೂ ಮುಂದೆ ಬನ್ನಿ. ಬೇಕಾದಷ್ಟು ಜಾಗ ಇದೆ.”

ನಮ್ಮವರು ನನ್ನ ಮುಖ ನೋಡಿದರು. ಹುಟ್ಟಿದಾಗಿನಿಂದ ಅಪ್ಪನ ಬಾಯಲ್ಲಿ ಈ ಮಾತು ಕೇಳಿದವರಲ್ಲ. ಮಾವ ಬಟ್ಟೆಯಿಂದ ಹೊರಬಂದು, ಕೂದಲು ಸರಿಮಾಡಿಕೊಂಡು, ಯಾರೂ ಹೇಳದೆಯೇ ಹೋಗಿ ಮೊಣಕೈಯ ಫೋಟೋದ ಪಕ್ಕ ನಿಂತರು.

“ಬೆಳಕು ಕಮ್ಮಿ ಇದೆ, ಲೆನ್ಸ್ ಬಹಳ ಹೊತ್ತು ತೆರೆದಿರುತ್ತೆ. ನಾನು ಹೇಳೋವರೆಗೂ ಯಾರೂ ಅಲ್ಲಾಡಬೇಡಿ” ಎಂದಳು ಮಗಳು.

ಅಷ್ಟರಲ್ಲಿ ನನ್ನ ಮಗ್ಗುಲಲ್ಲೇ ಹಾಲು ಏರತೊಡಗಿತು. ಒಲೆ ಆರಿಸುವುದನ್ನೇ ಮರೆತಿದ್ದೆ. ಹಾಲು ಪಾತ್ರೆಯ ಅಂಚಿಗೆ ಬಂತು, ಅಂಚು ದಾಟಿತು, ಸೊಂಯ್ ಎಂದು ಸುರಿಯಿತು. ನಾನು ಅಲ್ಲಾಡಲಿಲ್ಲ. ದೀಪದಂಗಡಿಯವರ ಕಣ್ಣು ಮಾತ್ರ ಅರಳಿತು. ಈ ಮನೆಗೆ ಬಂದಾಗಿನಿಂದ ಹಾಲು ಉಕ್ಕುವುದನ್ನು ಕೈಕಟ್ಟಿ ನೋಡಿದ್ದು ಅದೊಂದೇ ಸಲ.

ಮಗಳು ಬಚ್ಚಲುಮನೆಯಿಂದ ಒದ್ದೆ ಫಿಲಂ ಹಿಡಿದು ಬಂದಳು. ಮಾವ ಅದನ್ನು ಕಿಟಕಿಯ ಬೆಳಕಿಗೆ ಎತ್ತಿದರು. ಕೈ ನಡುಗಿದ್ದಕ್ಕೆ ಮೊಮ್ಮಗಳು ಕೆಳಗಿನಿಂದ ತನ್ನ ಕೈ ಕೊಟ್ಟಳು.

“ನೀರಿನ ಕೊಡ” ಎಂದು ಓದಿದರು. “ಪೊರಕೆ. ಸೌಟಿನ ಮೊಳೆ. ಆ ಕಡೆ ಮೇಲೆ ಗಡಿಯಾರ. ಚುಕ್ಕೆ ಇಲ್ಲ. ನಾಲಿಗೆಯೂ ಇಲ್ಲ.” ಎಲ್ಲವೂ ಕತ್ತರಿಸಿಟ್ಟ ಹಾಗೆ ಸ್ಪಷ್ಟವಾಗಿತ್ತು, ಉಕ್ಕಿದ ಹಾಲೊಂದೇ ಹೊಗೆಯಂತೆ ಹರಡಿತ್ತು. ಆಮೇಲೆ ಅವರ ಬೆರಳು ನಡುವಿಗೆ ಬಂದು ಗೋಡೆಯ ಮೇಲಿನ ಮೊಣಕೈ ಫೋಟೋದ ಆ ಪುಟ್ಟ ಚೌಕದ ಹತ್ತಿರ ನಿಂತಿತು.

“ಇವಳ ಅಡುಗೆಮನೆ ಪೂರ್ತಿ ಬಂತಲ್ಲೇ” ಎಂದರು.

ಫಿಲಂ ನನ್ನ ಕೈಗೆ ಕೊಟ್ಟು, ಮೇಜಿನ ಮೇಲಿದ್ದ ಕ್ಯಾಮೆರಾ ಎತ್ತಿ ಮಗಳ ಎದೆಗೆ ಒತ್ತಿದರು. “ತಗೋ. ನಿಂದು.” ಕಳಚಿಟ್ಟ ಹಲಗೆಯನ್ನು ಅವಳು ತೋರಿಸಿದಾಗ “ಬೀರುವಿನಲ್ಲಿರಲಿ, ನುಸಿಗುಳಿಗೆಗೆ ಜೊತೆಯಾಗುತ್ತೆ” ಎಂದರು.

ದೀಪದಂಗಡಿಯವರು ಖಾಲಿ ಪೆಟ್ಟಿಗೆ ಹಿಡಿದು ಬಾಗಿಲವರೆಗೆ ಹೋದವರು ತಿರುಗಿ ನಿಂತರು.

“ಇಂಥದ್ದೇ ಇನ್ನೊಂದು ನನ್ನ ಅಂಗಡೀಲಿದೆ. ಆಗ್ಲೇ ಬಲ್ಬ್ ಹಾಕ್ಬಿಟ್ಟಿದೀನಿ. ತೆಗೆದ್ರೆ ಮತ್ತೆ ಕ್ಯಾಮೆರಾ ಆಗುತ್ತಾ?”

“ತೂತು ಕೊರೆದಿದೀರಾ?” ಮಾವ ಗದರಿದರು.

“ವೈರಿಗೆ ಅಂತ... ಒಂದೇ ಒಂದು.”

“ತನ್ನಿ, ಮುಚ್ಚೋಣ” ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿದಳು, ಕೇಳಲೋ ಬೇಡವೋ ಎಂಬಂತೆ.

ನಾನು ಒಲೆಯ ಮೇಲೆ ಸೀದುಹೋದ ಹಾಲು ಉಜ್ಜುತ್ತಿದ್ದೆ. “ಛತ್ರಿ ಬಟ್ಟೆ ಇನ್ನೂ ಮಿಕ್ಕಿದೆ” ಎಂದೆ.